ಗರಡಿಯ ಮಣ್ಣೂ ಯೋಗಶಾಲೆಯ ನೆಲವೂ

ಶ್ರೀಮಠದ ಸದ್ಭಕ್ತರೂ ಹಿರಿಯ ವಿದ್ಯಾರ್ಥಿಗಳೂ ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆಗಳಲ್ಲಿ ಒಂದು ಈಚೆಗೆ ಪದೇ ಪದೇ ಬರುತ್ತಿದೆ. "ಬುದ್ಧಿ, ನಮ್ಮ ಹುಡುಗ ಆಟೋಟದಲ್ಲಿ ಮುಂದಿದ್ದಾನೆ. ಅವನಿಗೆ ಯೋಗವನ್ನೂ ಕಲಿಸಬಹುದೆ? ಕಲಿಸಿದರೆ ಆಟಕ್ಕೆ ಅನುಕೂಲವೋ, ಅಡ್ಡಿಯೋ?" ಹತ್ತು ವರ್ಷಗಳ ಹಿಂದೆಯಾಗಿದ್ದರೆ ಈ ಪ್ರಶ್ನೆಗೆ ನಾವು ಕ್ಷಣವೂ ಯೋಚಿಸದೆ ಉತ್ತರ ಕೊಡುತ್ತಿದ್ದೆವು. ಯೋಗವು ಐದು ಸಾವಿರ ವರ್ಷಗಳ ವಿದ್ಯೆ, ನಮ್ಮ ಪೂರ್ವಕಾಲದ ಮಲ್ಲರೆಲ್ಲರೂ ಆಸನ ಪ್ರಾಣಾಯಾಮಗಳಿಂದಲೇ ಬಲಿಷ್ಠರಾದರು, ಆದಕಾರಣ ಧಾರಾಳವಾಗಿ ಕಲಿಸಿರಿ, ಎಲ್ಲ ನೋವಿಗೂ ಅದೇ ಮದ್ದು ಎಂದು ಅನೇಕ ವೇದಿಕೆಗಳಲ್ಲಿ ಹೇಳಿದ್ದೂ ಉಂಟು. ಚಪ್ಪಾಳೆಗಳೂ ಬಿದ್ದವು. ಆ ಮಾತಿನಲ್ಲಿ ಎಷ್ಟು ಸತ್ಯ, ಎಷ್ಟು ಉತ್ಸಾಹ ಎಂಬುದನ್ನು ಶೋಧಿಸಿ ನೋಡುವ ಪ್ರಸಂಗ ನಮಗೆ ಬಂದದ್ದು ಒಬ್ಬ ವಿದ್ಯಾರ್ಥಿಯ ದೆಸೆಯಿಂದ.

ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದ ಆ ಹುಡುಗ ನಾಲ್ಕು ನೂರು ಮೀಟರ್ ಓಟದಲ್ಲಿ ಹೆಸರು ಮಾಡುತ್ತಿದ್ದನು. ಒಂದು ದಿನ ಬಲತೊಡೆಯ ಹಿಂಬದಿಯ ಸ್ನಾಯು ಹಿಡಿದುಕೊಂಡಿದೆಯೆಂದು ಬಂದು ನಮ್ಮೆದುರು ಹೇಳಿಕೊಂಡನು. ಸ್ನಾಯು ಬಿಗಿದಿದ್ದರೆ ಎಳೆಯಬೇಕು ಎಂಬುದಿಷ್ಟೇ ನಮಗೆ ಅಂದು ತಿಳಿದದ್ದು. ದಿನಾಲು ಬೆಳಗಿನಲ್ಲಿ ಪಶ್ಚಿಮೋತ್ತಾನಾಸನ ಮಾಡು, ಹಣೆ ಮೊಣಕಾಲಿಗೆ ತಾಗುವವರೆಗೆ ಬಿಡಬೇಡ ಎಂದು ಹೇಳಿ ಕಳಿಸಿದೆವು. ಅವನು ಅದನ್ನು ಗುರುವಾಕ್ಯವೆಂದು ಶಿರಸಾವಹಿಸಿ, ನೋವನ್ನು ಸಹಿಸಿಕೊಂಡು ಮಾಡಿದನು. ಅರೆ ಹರಿದಿದ್ದ ಸ್ನಾಯು ವಾರದೊಳಗೆ ಪೂರ್ತಿ ಹರಿಯಿತು. ಆ ವರ್ಷದ ವಿಶ್ವವಿದ್ಯಾನಿಲಯದ ಕ್ರೀಡಾಕೂಟ ಅವನ ಕೈತಪ್ಪಿತು. ಒಕ್ಕಲುತನದ ಅವನ ತಂದೆ ಬಂದು, "ಅವನ ಹಣೆಯಲ್ಲಿ ಬರೆದಿರಲಿಲ್ಲ ಬಿಡಿ ಬುದ್ಧಿ" ಎಂದು ನಮ್ಮ ಪಾದ ಮುಟ್ಟಿ ಹೋದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಇತಿಹಾಸವನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿತವರಿಗೆ ಮೂಲವನ್ನು ನೋಡದೆ ಮಾತನಾಡಬಾರದೆಂಬುದು ಮೊದಲನೆಯ ಪಾಠ. ನಾವು ಅದನ್ನು ಶಾಸನಗಳ ವಿಷಯದಲ್ಲಿ ಪಾಲಿಸಿದೆವು, ಯೋಗದ ವಿಷಯದಲ್ಲಿ ಪಾಲಿಸಲಿಲ್ಲ. ಆದುದರಿಂದ ಮಲ್ಲವಿದ್ಯೆಗೂ ಯೋಗವಿದ್ಯೆಗೂ ನಮ್ಮ ನಾಡಿನಲ್ಲಿ ಎಂದು, ಎಲ್ಲಿ, ಯಾವ ರೀತಿಯ ನಂಟು ಬೆಳೆಯಿತು ಎಂಬುದನ್ನು ಕೆಲಮಟ್ಟಿಗೆ ಪರಿಶೀಲಿಸಿ, ಕಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಕಲ್ಯಾಣದಿಂದಲೇ ಆರಂಭಿಸೋಣ. ಅಣ್ಣ ಬಸವಣ್ಣನವರು ಮಹಾಮನೆಯನ್ನು ಕಟ್ಟುವುದಕ್ಕೆ ಸುಮಾರು ಒಂದು ತಲೆಮಾರಿನಷ್ಟು ಹಿಂದೆ ಆ ಪಟ್ಟಣದಲ್ಲಿ ಆಳುತ್ತಿದ್ದವನು ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಅವನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ನೂರು ಅಧ್ಯಾಯಗಳ ಒಂದು ವಿಶ್ವಕೋಶ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಮತ್ತೊಂದು ಹೆಸರು. ರಾಜನಾದವನು ಏನು ಉಣ್ಣಬೇಕು, ಯಾವ ಸಂಗೀತ ಕೇಳಬೇಕು, ಆನೆಯನ್ನು ಹೇಗೆ ಪಳಗಿಸಬೇಕು ಎಂಬುದರಿಂದ ಹಿಡಿದು ಸಕಲ ವಿಷಯಗಳೂ ಅದರಲ್ಲಿವೆ. ಅದರೊಳಗಿನ ಮಲ್ಲವಿನೋದವೆಂಬ ಪ್ರಕರಣವು ನಮ್ಮ ವಿಷಯಕ್ಕೆ ಬಹಳ ಬೆಲೆಯುಳ್ಳದ್ದು. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಗನುಗುಣವಾಗಿ ವಿಂಗಡಿಸುವ ಕ್ರಮವನ್ನು ಸೋಮೇಶ್ವರನು ಹೇಳುತ್ತಾನೆ. ಇಂದಿನ ಕ್ರೀಡಾಕೂಟಗಳಲ್ಲಿ ತೂಕ ನೋಡಿ ಜೋಡಿ ಕಟ್ಟುವ ಪದ್ಧತಿಯನ್ನು ಪರದೇಶದ ವಿವೇಕವೆಂದು ಭಾವಿಸುವವರು ಇದನ್ನು ಗಮನಿಸಬೇಕು. ಅವರಿಗೆ ಅರಮನೆಯಿಂದ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮ ಭಕ್ಷ್ಯಗಳು ಸಲ್ಲಬೇಕೆಂಬುದೂ ಅಲ್ಲಿಯೇ ಇದೆ.

ಸಾಧನೆಯ ಕ್ರಮ ಇನ್ನೂ ಸ್ವಾರಸ್ಯಕರ. ಮರಳು ತುಂಬಿದ ಚೀಲಗಳನ್ನೂ ಭಾರದ ವಸ್ತುಗಳನ್ನೂ ಎತ್ತುವುದು ಭಾರಶ್ರಮ. ನಸುಕಿನಲ್ಲಿ ಎದ್ದು ದೂರ ನಡೆಯುವುದು ಭ್ರಮಣಶ್ರಮ. ನೀರಿನಲ್ಲಿ ಈಜುವುದು ಸಲಿಲಶ್ರಮ. ತೋಳಿಗೆ ತೋಳು ಕೊಟ್ಟು ನೂಕಾಡುವುದು ಒಂದು, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮತ್ತೊಂದು. ಈ ಕೊನೆಯದರಲ್ಲಿ ಇಂದಿನ ಮಲ್ಲಕಂಬದ ಬೀಜವನ್ನು ವಿದ್ವಾಂಸರು ಕಾಣುತ್ತಾರೆ. ಬಾಗಲಕೋಟೆ, ಗದಗ ಜಿಲ್ಲೆಗಳ ಹಳ್ಳಿಗಳಲ್ಲಿ ಎಣ್ಣೆ ಸವರಿದ ಕಂಬದ ಮೇಲೆ ಹುಡುಗರು ಹಾವಿನಂತೆ ಹೊರಳುವುದನ್ನು ಕಂಡಿರುವ ವಾಚಕರಿಗೆ ಇದು ಎಷ್ಟು ಪ್ರಾಚೀನವೆಂಬುದು ಸಂತೋಷವನ್ನೇ ತಂದೀತು. ಆದರೆ ಈ ಪಟ್ಟಿಯಲ್ಲಿ ಒಂದು ಕೊರತೆ ಇದೆ, ಗಮನಿಸಿದಿರಾ? ಆಸನವಿಲ್ಲ. ಪ್ರಾಣಾಯಾಮವಿಲ್ಲ. ಅರಮನೆಯ ಮಲ್ಲನ ದಿನಚರಿಯನ್ನು ಅಷ್ಟು ಕೂಲಂಕಷವಾಗಿ ಬರೆದ ಅರಸು ಯೋಗದ ಮಾತನ್ನು ಅಲ್ಲಿ ಎತ್ತುವುದಿಲ್ಲ.

ಇದು ಮರೆವಿನಿಂದಾದುದಲ್ಲ. ಯೋಗಿಗಳ ಕಡೆಯಿಂದ ನೋಡಿದರೂ ಇದೇ ಸ್ಥಿತಿ. ಹದಿನೈದನೆಯ ಶತಮಾನದ ಸ್ವಾತ್ಮಾರಾಮನ 'ಹಠಯೋಗಪ್ರದೀಪಿಕೆ'ಯು ಯೋಗವನ್ನು ಕೆಡಿಸುವ ಆರು ದೋಷಗಳನ್ನು ಎಣಿಸುವಾಗ ಅತಿಯಾದ ಆಹಾರದ ಮಗ್ಗುಲಲ್ಲೇ ಪ್ರಯಾಸವನ್ನು, ಎಂದರೆ ದೇಹವನ್ನು ದಣಿಸುವ ಶ್ರಮವನ್ನು, ಇಟ್ಟಿದೆ. ಮಲ್ಲನ ಬದುಕು ನಿಂತಿರುವುದೇ ಈ ಎರಡರ ಮೇಲೆ! ಆ ಗ್ರಂಥವು ವಿವರಿಸುವ ಆಸನಗಳಾದರೂ ಕೇವಲ ಹದಿನೈದು. ಅವುಗಳಿಂದ ಸ್ಥಿರತೆ, ಆರೋಗ್ಯ, ಅಂಗಗಳ ಹಗುರತೆ ದೊರೆಯುತ್ತವೆಂದು ಹೇಳುವುದೇ ಹೊರತು ಬಲ ಬೆಳೆಯುತ್ತದೆ, ವೇಗ ಹೆಚ್ಚುತ್ತದೆ ಎಂದು ಅದು ಹೇಳುವುದಿಲ್ಲ. ಪತಂಜಲಿ ಮಹರ್ಷಿಗಳಾದರೂ ಆಸನಸಿದ್ಧಿಗೆ ಪ್ರಯತ್ನಶೈಥಿಲ್ಯವನ್ನು, ಎಂದರೆ ಪ್ರಯತ್ನದ ಬಿಗಿಯನ್ನು ಸಡಿಲಿಸುವುದನ್ನು, ಉಪಾಯವಾಗಿ ಹೇಳಿದರು. ನಮ್ಮ ನಿಜಗುಣ ಶಿವಯೋಗಿಗಳು 'ವಿವೇಕಚಿಂತಾಮಣಿ'ಯಲ್ಲಿ ಯೋಗದ ಅಂಗಗಳನ್ನು ನಿರೂಪಿಸಿದ್ದೂ ಮೋಕ್ಷಮಾರ್ಗದ ದೃಷ್ಟಿಯಿಂದ, ಮಲ್ಲಯುದ್ಧದ ದೃಷ್ಟಿಯಿಂದಲ್ಲ.

ಅಲ್ಲಮಪ್ರಭುದೇವರಿಗೂ ಗೋರಕ್ಷನಿಗೂ ನಡೆದ ಪ್ರಸಂಗ ಇಲ್ಲಿ ನೆನಪಾಗದಿರದು. ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ಪುರಾಣ ಪ್ರವಚನದಲ್ಲಿ ಕೇಳಿದ ಭಕ್ತರಿಗೆಲ್ಲ ಅದು ತಿಳಿದದ್ದೇ. ಹಠಯೋಗದಿಂದ ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡ ಗೋರಕ್ಷನು ಪ್ರಭುವಿನ ಕೈಗೆ ಕತ್ತಿ ಕೊಟ್ಟು ಹೊಡೆಯಹೇಳುತ್ತಾನೆ. ಹೊಡೆದರೆ ಖಣಿಲೆಂಬ ಸದ್ದು, ಕೂದಲೂ ಕೊಂಕದು. ಅದೇ ಕತ್ತಿಯನ್ನು ಅವನು ಪ್ರಭುವಿನ ಮೇಲೆ ಬೀಸಿದಾಗ ಬಯಲನ್ನು ಕಡಿದಂತಾಗುತ್ತದೆ, ತಡೆಯೇ ಇಲ್ಲ. ಈ ಕಥೆಯನ್ನು ಕಾಯಸಿದ್ಧಿಯ ನಿರಾಕರಣೆಯೆಂದೇ ನಾವೆಲ್ಲ ಹೇಳುತ್ತ ಬಂದಿದ್ದೇವೆ, ಅದು ಸರಿಯೂ ಹೌದು. ಆದರೆ ಕ್ರೀಡಾಪಟುಗಳ ಮಾತು ಬಂದಾಗ ನಮಗೆ ಅದರಲ್ಲಿ ಇನ್ನೊಂದು ಅರ್ಥ ತೋರುತ್ತದೆ. ಬಿಗಿದ ದೇಹ ಬೇರೆ, ಬಿಟ್ಟ ದೇಹ ಬೇರೆ. ಗರಡಿ ಕಲಿಸುವುದು ಮೊದಲನೆಯದನ್ನು. ಎರಡನೆಯದನ್ನು ಕಲಿಸುವ ಶಾಲೆ ಬೇರೆಯೇ ಇತ್ತು. ಈ ಎರಡು ಶಾಲೆಗಳು ಒಂದೇ ಸೂರಿನ ಕೆಳಗೆ ಬಂದದ್ದು ಬಹಳ ಈಚೆಗೆ, ಅದೂ ನಮ್ಮ ಮೈಸೂರಿನಲ್ಲಿ.

ಮೈಸೂರಿನ ಜಟ್ಟಿಗಳ ವಿಷಯವನ್ನು ವಾಚಕರು ಬಲ್ಲರು. ಗುಜರಾತಿನ ಕಡೆಯಿಂದ ಬಂದವರೆಂದು ಹೇಳಲಾಗುವ ಜ್ಯೇಷ್ಠಿಮಲ್ಲರ ಪರಂಪರೆಯವರಾದ ಇವರಿಗೆ 'ಮಲ್ಲಪುರಾಣ'ವೆಂಬ ಸ್ವಂತ ಗ್ರಂಥವೂ ಉಂಟು. ವಿಜಯದಶಮಿಯ ದಿವಸ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಹಿಡಿದು ಕಾದುವ, ಯಾರೊಬ್ಬರ ನೆತ್ತಿಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ನಿಲ್ಲಿಸುವ ಕಾಳಗ ಇಂದಿಗೂ ನಡೆದುಬಂದಿದೆ. ಇಂಥ ಮಲ್ಲಪ್ರಿಯವಾದ ಅರಮನೆಯಲ್ಲಿ, ರಾಜ್ಯದ ಆಡಳಿತ 1831ರಲ್ಲಿ ಆಂಗ್ಲರ ಪಾಲಾದಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಕಾಲವನ್ನು ವಿದ್ಯೆ ಕಲೆಗಳಿಗೆ ಮೀಸಲಿಟ್ಟರು. ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಸಚಿತ್ರ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ 122 ಆಸನಗಳ ಚಿತ್ರಗಳೂ ವಿವರಣೆಗಳೂ ಇವೆ. ಹದಿನೈದೆಲ್ಲಿ, ನೂರ ಇಪ್ಪತ್ತೆರಡೆಲ್ಲಿ? ಅವುಗಳಲ್ಲಿ ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಸೇರಿವೆ. ಅರಣ್ಯದ ಗುಹೆಯಲ್ಲಿ ಕುಳಿತ ಯೋಗಿಗೆ ಹಗ್ಗದ ಕೆಲಸವೇನು? ಅದು ಗರಡಿಯ ಸಾಮಗ್ರಿ. ಯಾವಾಗಲೋ ಯಾರೋ ಗರಡಿಯ ಬಾಗಿಲಿನಿಂದ ಯೋಗದ ಮನೆಗೆ ಅದನ್ನು ತಂದಿದ್ದಾರೆ.

1896ರಲ್ಲಿ ಬೆಂಗಳೂರಿನಿಂದ 'ವ್ಯಾಯಾಮದೀಪಿಕೆ' ಎಂಬ ದೇಶೀಯ ಅಂಗಸಾಧನೆಯ ಪುಸ್ತಕ ಹೊರಬಂದಿತು. ದಂಡೆ, ಬಸ್ಕಿ ಮುಂತಾದ ಸಾಮುಗಳನ್ನು ಕ್ರಮಪಡಿಸಿದ ಗ್ರಂಥವದು. ಅಲ್ಲಿಂದ ಮುಂದಿನ ತಲೆಮಾರಿಗೆ ಬಂದರೆ ತಿರುಮಲೆ ಕೃಷ್ಣಮಾಚಾರ್ಯರು. ಅವರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಷಡ್ದರ್ಶನಗಳಲ್ಲಿ ಪಂಡಿತರಾಗಿದ್ದ ಇವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1930ರ ದಶಕದ ಮೊದಲ ವರ್ಷಗಳಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆಯಲು ಅವಕಾಶವಿತ್ತರು. ಆಚಾರ್ಯರು 1934ರಲ್ಲಿ ಬರೆದ 'ಯೋಗಮಕರಂದ', 1941ರ 'ಯೋಗಾಸನಗಳು' ಎರಡೂ ಕನ್ನಡ ಪುಸ್ತಕಗಳೆಂಬುದನ್ನು ಅಭಿಮಾನದಿಂದ ಹೇಳಬೇಕಾಗಿದೆ. ಇಂದು ಭೂಮಂಡಲವೆಲ್ಲ ಅಭ್ಯಾಸ ಮಾಡುವ ಯೋಗದ ಬಹುಭಾಗ ಆ ಒಂದು ಕೊಠಡಿಯಿಂದ ಹೊರಟದ್ದು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರೂ ಅಲ್ಲಿಯ ವಿದ್ಯಾರ್ಥಿಗಳೇ.

ಕೃಷ್ಣಮಾಚಾರ್ಯರ ಪಾಠಕ್ರಮದಲ್ಲಿ ಹುಡುಗರು ಒಂದು ಆಸನದಿಂದ ಮತ್ತೊಂದಕ್ಕೆ ಕೈಯೂರಿ ಹಿಂದಕ್ಕೆ ನೆಗೆದು ಮುಂದಕ್ಕೆ ಹಾರಿ ಬರುತ್ತಿದ್ದರು. ಇದಕ್ಕೆ ವಿನ್ಯಾಸವೆಂದು ಹೆಸರು. ಗರಡಿಯಲ್ಲಿ ದಂಡೆ ಹೊಡೆದವರು ಯಾರಾದರೂ ನೋಡಿದೊಡನೆ ಅದರ ಗುರುತು ಹಿಡಿದಾರು. ಸ್ಜೋಮನ್ ಎಂಬ ವಿದ್ವಾಂಸರು ಶ್ರೀತತ್ತ್ವನಿಧಿಯ ಆಸನಭಾಗವನ್ನು 1996ರಲ್ಲಿ ಪ್ರಕಟಿಸಿ, ಅರಮನೆಯ ಅಂಗಸಾಧನೆಯ ಪರಂಪರೆಯೂ ವ್ಯಾಯಾಮದೀಪಿಕೆಯಂಥ ಪುಸ್ತಕಗಳೂ ಈ ಹೊಸ ಯೋಗದೊಳಗೆ ಬೆರೆತಿವೆಯೆಂದು ವಾದಿಸಿದರು. ಆಚಾರ್ಯರ ಶಿಷ್ಯವರ್ಗದವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅದು ಗುರುಪರಂಪರೆಯಿಂದ ಬಂದ ಪ್ರಾಚೀನ ಕ್ರಮ. ನಾವು ಎರಡು ಪಕ್ಷಗಳನ್ನೂ ಓದಿದೆವು. ಸ್ಜೋಮನ್‌ರ ಎಲ್ಲ ಊಹೆಗಳೂ ಸಿದ್ಧವಾಗಿವೆಯೆಂದು ಹೇಳಲಾರೆವು, ಆದರೆ ಮುಖ್ಯವಾದ ಮಾತು ಸರಿಯೆಂದೇ ನಮಗೆ ತೋರುತ್ತದೆ. ಹಗ್ಗದ ಆಸನಗಳೂ ದಂಡೆಯಂಥ ನೆಗೆತವೂ ಹಳೆಯ ಹಠಯೋಗ ಗ್ರಂಥಗಳಿಂದ ಬಂದವೆಂದು ತೋರಿಸುವುದು ಕಷ್ಟ.

ಇದನ್ನು ಒಮ್ಮೆ ಶ್ರೀಮಠದ ಮಾಸಿಕ ಗೋಷ್ಠಿಯಲ್ಲಿ ಹೇಳಿದಾಗ ಹಿರಿಯ ಭಕ್ತರೊಬ್ಬರು ಬೇಸರಪಟ್ಟುಕೊಂಡರು. "ನೀವೇ ಹೀಗೆ ಅಂದರೆ ಹೇಗೆ ಬುದ್ಧಿ, ಯೋಗ ಪೈಲ್ವಾನರಿಂದ ಬಂತು ಅಂದಹಾಗಾಯಿತಲ್ಲ" ಎಂದರು. ಪೈಲ್ವಾನರಿಂದ ಬಂದರೆ ಅದಕ್ಕೆ ಮೈಲಿಗೆಯೆ? ಕಾಯಕದಲ್ಲಿ ಮೇಲು ಕೀಳು ನೋಡದ ಶರಣರ ಮಕ್ಕಳು ಕೇಳುವ ಮಾತಲ್ಲ ಅದು. ಧ್ಯಾನವೂ ಪ್ರಾಣಾಯಾಮವೂ ಅತ್ಯಂತ ಪ್ರಾಚೀನವೇ. ನಿಂತು ಬಾಗಿ ನೆಗೆದು ಮಾಡುವ ಆಸನಗಳ ದೊಡ್ಡ ಭಾಗ ಮಾತ್ರ ಗರಡಿಯ ಋಣವನ್ನು ಹೊತ್ತಿದೆ. 2022ರ ಜೂನ್ 21ರಂದು ಮೈಸೂರು ಅರಮನೆಯ ಆವರಣದಲ್ಲಿ ಪ್ರಧಾನಮಂತ್ರಿಗಳೊಡನೆ ಸಾವಿರಾರು ಜನ ಯೋಗಾಭ್ಯಾಸ ಮಾಡಿದರು. ಜಟ್ಟಿಗಳು ಕಾದುವುದೂ ಅದೇ ಅರಮನೆಯ ಅಂಗಳದಲ್ಲಿ ಎಂಬುದನ್ನು ಅಂದು ಯಾರೂ ನೆನೆದಂತೆ ಕಾಣಲಿಲ್ಲ.

ಋಣ ಒಂದೇ ಕಡೆಯದಲ್ಲ. ಗರಡಿಯೂ ಯೋಗದಿಂದ ಪಡೆಯಿತು. ಅದಕ್ಕೆ ಉತ್ತಮ ಸಾಕ್ಷಿ ಬೆಂಗಳೂರಿನ ಕೆ.ವಿ. ಅಯ್ಯರ್ ಅವರು. ಕನ್ನಡ ಓದುಗರಿಗೆ ಅವರು 'ರೂಪದರ್ಶಿ', 'ಶಾಂತಲಾ' ಕಾದಂಬರಿಗಳ ಕರ್ತೃಗಳಾಗಿ, ಕೈಲಾಸಂ ಅವರ ಆಪ್ತಮಿತ್ರರಾಗಿ ಪರಿಚಿತರು. ಆದರೆ ತಮ್ಮ ಕಾಲದಲ್ಲಿ ದೇಶದ ಹೊರಗೂ ಅವರು ಪ್ರಸಿದ್ಧರಾಗಿದ್ದುದು ಅಂಗಸೌಷ್ಠವಕ್ಕಾಗಿ. ಬೆಂಗಳೂರಿನಲ್ಲಿ ಅವರು ನಡೆಸುತ್ತಿದ್ದ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಗುಂಡುಗಳು, ಸರಳುಗಳು, ಉಕ್ಕಿನ ಸ್ಪ್ರಿಂಗುಗಳು ಎಲ್ಲವೂ ಇದ್ದವು. ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಅಂಥವರು 1930ರಲ್ಲಿ ಆಂಗ್ಲ ಭಾಷೆಯಲ್ಲಿ ಪ್ರಕಟಿಸಿದ ಮಾಂಸಖಂಡ ಸಾಧನೆಯ ಪುಸ್ತಕದಲ್ಲಿ, ತಮ್ಮ ದೇಹ ಇಂದಿನ ಸ್ಥಿತಿಗೆ ಬಂದದ್ದರಲ್ಲಿ ತಾವು ಬಳಸಿದ ಗುಂಡು ಸರಳು ಸ್ಪ್ರಿಂಗುಗಳೆಲ್ಲಕ್ಕಿಂತ ಹಠಯೋಗದ ಪಾಲು ಹೆಚ್ಚಿನದೆಂದು ಒಪ್ಪಿಕೊಂಡಿದ್ದಾರೆ. ಗುಂಡು ಮಾರುವವನು ಗುಂಡಿಗಿಂತ ಬೇರೆಯದು ಮೇಲೆಂದು ಹೇಳುವುದು ಸಾಮಾನ್ಯವಲ್ಲ. ಅದರಿಂದಲೇ ಆ ಸಾಕ್ಷ್ಯಕ್ಕೆ ತೂಕ. ಹಾಗೆಂದು ಅವರು ಗುಂಡುಗಳನ್ನು ಎಸೆದುಬಿಡಲಿಲ್ಲ ಎಂಬುದನ್ನೂ ಗಮನಿಸಬೇಕು. ಜೊತೆಯಲ್ಲಿ ಎರಡನ್ನೂ ಇಟ್ಟುಕೊಂಡರು. ಅವರ ಒಡನಾಡಿಗಳಾಗಿದ್ದ ಸುಂದರಂ ಅವರು 1928ರಲ್ಲೇ ಯೋಗವನ್ನು ಅಂಗಸಾಧನೆಯ ದೃಷ್ಟಿಯಿಂದ ವಿವರಿಸುವ ಪುಸ್ತಕವನ್ನು ಬೆಂಗಳೂರಿನಿಂದ ಪ್ರಕಟಿಸಿದ್ದರು. ಔಂಧ ಸಂಸ್ಥಾನದ ಪಂತಪ್ರತಿನಿಧಿಗಳು ಸೂರ್ಯನಮಸ್ಕಾರವನ್ನು ಶಾಲೆಗಳ ವ್ಯಾಯಾಮವಾಗಿ ಹರಡುತ್ತಿದ್ದುದೂ ಅದೇ ಕಾಲದಲ್ಲಿ.

ಅಯ್ಯಂಗಾರ್ಯರ ಜೀವನದಲ್ಲೂ ಈ ನಂಟು ಕಾಣುತ್ತದೆ. ಮೈಸೂರಿನಲ್ಲಿ ಭಾವನವರಾದ ಕೃಷ್ಣಮಾಚಾರ್ಯರಲ್ಲಿ ಕಲಿತು 1937ರಲ್ಲಿ ಪುಣೆಗೆ ಹೋದಾಗ ಅವರನ್ನು ಕರೆಸಿಕೊಂಡದ್ದು ಮಠವಲ್ಲ, ಆಶ್ರಮವಲ್ಲ, ಡೆಕ್ಕನ್ ಜಿಮಖಾನಾ ಎಂಬ ಕ್ರೀಡಾಸಂಸ್ಥೆ. ಲೋಣಾವಳೆಯಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಕೂಡ ಯೋಗಕ್ಕೆ ಬರುವ ಮೊದಲು ಬರೋಡೆಯ ಪ್ರೊಫೆಸರ್ ಮಾಣಿಕರಾಯರ ವ್ಯಾಯಾಮಶಾಲೆಯಲ್ಲಿ ಮೈ ಪಳಗಿಸಿದವರು. ನೌಲಿ, ಉಡ್ಡೀಯಾನಗಳನ್ನು ಮಾಡುವಾಗ ಹೊಟ್ಟೆಯೊಳಗೆ ಒತ್ತಡ ಎಷ್ಟು ಇಳಿಯುತ್ತದೆಂದು ಉಪಕರಣವಿಟ್ಟು ಅಳೆದು ನೋಡಿದ ಮೊದಲಿಗರಲ್ಲಿ ಅವರೊಬ್ಬರು. ನಂಬುವವರು ನಂಬಲಿ, ಅಳೆಯುವವರು ಅಳೆಯಲಿ ಎಂಬ ಧೈರ್ಯ ಅದು. ನಮ್ಮ ನಾಡಿನಲ್ಲಾದರೆ 1996ರಲ್ಲಿ ದೇಹಬಿಟ್ಟ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು, 'ತಿರುಕ'ರೆಂಬ ಹೆಸರಿನಿಂದ ಬರೆದವರು, ಊರೂರಿಗೆ ಹೋಗಿ ಶಿಬಿರ ಹಾಕಿ ವ್ಯಾಯಾಮವನ್ನೂ ಯೋಗವನ್ನೂ ಜೊತೆಜೊತೆಯಾಗಿಯೇ ಕಲಿಸಿದರು. ಅವರ ಶಿಬಿರದಲ್ಲಿ ಮೈಗೆ ಮಣ್ಣು ಹತ್ತಿಸಿಕೊಂಡವರು ಈ ಪತ್ರಿಕೆಯ ವಾಚಕರಲ್ಲಿಯೇ ಅನೇಕರಿರಬಹುದು.

ಇಷ್ಟು ದೂರ ನಡೆದು ಬಂದಮೇಲೆ ಮೊದಲಿನ ಪ್ರಶ್ನೆಗೆ ಮರಳಬಹುದು. ಯೋಗದಿಂದ ಆಟಗಾರನಿಗೆ ಏನು ದೊರೆಯುತ್ತದೆ, ಏನು ದೊರೆಯದು?

ದೊರೆಯದ್ದನ್ನು ಮೊದಲು ಹೇಳುತ್ತೇವೆ, ಏಕೆಂದರೆ ನಾವು ತಪ್ಪಿದ್ದು ಅಲ್ಲಿ. ಓಡುವ ವೇಗ ಓಡುವುದರಿಂದಲೇ ಬರಬೇಕು. ದೀರ್ಘಕಾಲ ದಣಿಯದಿರುವ ಶಕ್ತಿ ಹೃದಯವನ್ನೂ ಶ್ವಾಸಕೋಶಗಳನ್ನೂ ಬಹುಹೊತ್ತು ದುಡಿಸುವುದರಿಂದ ಬರುತ್ತದೆ. ನಿಧಾನವಾಗಿ ಮಾಡುವ ಆಸನಗಳಲ್ಲಿ ಹೃದಯದ ಬಡಿತ ಅಷ್ಟು ಏರುವುದೇ ಇಲ್ಲ. ಭಾರ ಎತ್ತುವವನಿಗೆ ಸಂಗ್ರಾಣಿ ಕಲ್ಲು ಬೇಕೇ ಬೇಕು. ಕಲ್ಯಾಣದ ಸೋಮೇಶ್ವರನು ಆಸನವನ್ನು ಹೇಳದೆ ಮರಳಿನ ಚೀಲವನ್ನು ಹೇಳಿದ್ದು ಅಜ್ಞಾನದಿಂದಲ್ಲ. ಇನ್ನು ಪಂದ್ಯಕ್ಕೆ ಇಳಿಯುವ ಮುನ್ನ ಒಂದೇ ಸ್ನಾಯುವನ್ನು ನಿಮಿಷಕ್ಕೂ ಮೇಲೆ ಎಳೆದು ಹಿಡಿದರೆ, ಕೆಲಹೊತ್ತು ಆ ಸ್ನಾಯುವಿನ ಚಿಮ್ಮುವ ಶಕ್ತಿ ಕುಗ್ಗುತ್ತದೆಂಬುದು ಇಂದು ಪರೀಕ್ಷೆಗಳಿಂದ ಸಿದ್ಧವಾಗಿರುವ ವಿಷಯ. ಆದುದರಿಂದ ಓಟಗಾರನು ಓಟಕ್ಕೆ ಮೊದಲು ಮೆಲ್ಲಗೆ ಓಡಿ, ಕೈಕಾಲು ಬೀಸಿ ಮೈ ಬಿಸಿಮಾಡಿಕೊಳ್ಳಬೇಕು. ದೀರ್ಘವಾದ ಆಸನಗಳು ಸಾಧನೆ ಮುಗಿದ ಮೇಲೆ, ಇಲ್ಲವೆ ಬೇರೆ ಹೊತ್ತಿನಲ್ಲಿ. ಹರಿದ ಸ್ನಾಯುವನ್ನು ಎಳೆಯುವುದಂತೂ ಹರಿದ ಬಟ್ಟೆಯನ್ನು ಜಗ್ಗಿದಂತೆ. ಕುತ್ತಿಗೆಗೆ ಪೆಟ್ಟು ಬಿದ್ದ ಪೈಲ್ವಾನನು ವೈದ್ಯರನ್ನು ಕೇಳದೆ ಶೀರ್ಷಾಸನಕ್ಕೆ ಹೋಗಬಾರದು.

ದೊರೆಯುವುದೂ ಸಣ್ಣದಲ್ಲ. ಆಟವೆಂಬುದು ದೇಹವನ್ನು ಒಂದು ಮಗ್ಗುಲಿಗೆ ಬೆಳೆಸುತ್ತದೆ. ಚೆಂಡೆಸೆಯುವವನ ಬಲಭುಜ, ಕುಸ್ತಿಯವನ ಬಗ್ಗಿದ ಬೆನ್ನು, ಓಟಗಾರನ ಬಿಗಿದ ಸೊಂಟ, ಇವೆಲ್ಲ ವರ್ಷಗಟ್ಟಲೆ ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದ ಗುರುತುಗಳು. ಎಡಕ್ಕೆ ಮಾಡಿದ್ದನ್ನು ಬಲಕ್ಕೂ ಮಾಡಬೇಕೆಂಬ, ಮುಂದೆ ಬಾಗಿದವನು ಹಿಂದಕ್ಕೂ ಬಾಗಬೇಕೆಂಬ ಕಟ್ಟಳೆ ಇರುವ ಸಾಧನೆ ಆಸನವೇ. ತ್ರಿಕೋನಾಸನ, ಭುಜಂಗಾಸನ, ವೃಕ್ಷಾಸನಗಳಂಥ ಸರಳ ಆಸನಗಳು ಸಾಕು, ಮೈಯನ್ನು ಗಂಟು ಹಾಕುವ ಆಸನಗಳು ಆಟಗಾರನಿಗೆ ಬೇಕಾಗಿಲ್ಲ. ಒಂಟಿಕಾಲಿನಲ್ಲಿ ನಿಲ್ಲುವ ಆಸನಗಳಿಂದ ಕೀಲುಗಳ ಸುತ್ತಲಿನ ಸಣ್ಣ ಸ್ನಾಯುಗಳು ಎಚ್ಚತ್ತು ಸಮತೋಲ ಹೆಚ್ಚುತ್ತದೆ. ಅಮೆರಿಕೆಯ ಬಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್ ಜಬ್ಬಾರ್ ಅವರು ಇಪ್ಪತ್ತು ಋತುಗಳ ಕಾಲ ಆಡಿ 1989ರಲ್ಲಿ ನಿವೃತ್ತರಾದಾಗ ಅವರಿಗೆ 42 ವರ್ಷ. ಆ ಆಟದಲ್ಲಿ ಅದು ಅಪರೂಪದ ವಯಸ್ಸು. ಅಷ್ಟು ಕಾಲ ಪೆಟ್ಟುಗಳಿಂದ ಪಾರಾಗಿ ಉಳಿದದ್ದಕ್ಕೆ ಯೋಗಾಭ್ಯಾಸವನ್ನು ಅವರು ಬಹಿರಂಗವಾಗಿ ಸ್ಮರಿಸಿದ್ದಾರೆ. ಆಟವನ್ನು ಅವರಿಗೆ ಯೋಗ ಕಲಿಸಲಿಲ್ಲ, ಆಡುತ್ತ ಉಳಿಯುವುದನ್ನು ಕಲಿಸಿತು.

ಆದರೆ ನಮ್ಮ ಅಭಿಪ್ರಾಯದಲ್ಲಿ ಆಟಗಾರನಿಗೆ ಹೆಚ್ಚಿನ ಲಾಭ ಆಸನಕ್ಕಿಂತ ಉಸಿರಿನಲ್ಲಿದೆ. ಉಸಿರನ್ನು ಒಳಗೆ ಎಳೆದುಕೊಳ್ಳುವಾಗ ಹೃದಯದ ಬಡಿತ ತುಸು ಏರುತ್ತದೆ, ಬಿಡುವಾಗ ಇಳಿಯುತ್ತದೆ. ಬಿಡುವ ಉಸಿರನ್ನು ದೀರ್ಘಮಾಡಿದವನು ತನ್ನ ಹೃದಯಕ್ಕೆ ಕಡಿವಾಣ ಹಾಕಿದಂತೆ. ಪಂದ್ಯದ ಹಿಂದಿನ ರಾತ್ರಿ ನಿದ್ರೆ ಬಾರದ ಹುಡುಗನಿಗೆ, ಗೆರೆಯ ಮೇಲೆ ನಿಂತು ಸೀಟಿಗಾಗಿ ಕಾಯುವಾಗ ತೊಡೆ ನಡುಗುವವನಿಗೆ ಇದು ಕೈಯಲ್ಲಿರುವ ಮದ್ದು. ಸುಶ್ರುತಸಂಹಿತೆಯು ವ್ಯಾಯಾಮವನ್ನು ಬಲದ ಅರ್ಧದಷ್ಟೇ ಮಾಡಬೇಕೆಂದು ವಿಧಿಸಿ, ಉಸಿರು ಬಾಯಿಗೆ ಬರುವುದನ್ನು ಆ ಅರ್ಧದ ಗುರುತಾಗಿ ಹೇಳಿದೆ. ಸ್ಪರ್ಧೆಗಿಳಿದವನು ಈ ಮಿತಿಯನ್ನು ದಾಟಲೇಬೇಕು, ಬೇರೆ ದಾರಿಯಿಲ್ಲ. ದಾಟಿದವನು ಹಿಂದಿರುಗಿ ಬರುವ ದಾರಿಯನ್ನೂ ತಿಳಿದಿರಬೇಕಷ್ಟೆ. ಶವಾಸನವೆಂದರೆ ನಗುವ ಹುಡುಗರಿದ್ದಾರೆ, ಮಲಗುವುದಕ್ಕೂ ಪಾಠವೆ ಎಂದು. ಹತ್ತು ನಿಮಿಷ ಕೈಬೆರಳನ್ನೂ ಅಲ್ಲಾಡಿಸದೆ, ನಿದ್ರೆಗೂ ಜಾರದೆ ಮಲಗಿ ತೋರಿಸಿ ಎಂದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸೋಲುತ್ತಾರೆ. ಬಿಗಿಯುವುದನ್ನು ಕಲಿತ ದೇಹಕ್ಕೆ ಬಿಡುವುದು ತಾನಾಗಿ ಬರುವುದಿಲ್ಲ.

ಇಷ್ಟಲಿಂಗ ಪೂಜೆಯ ಮಾತನ್ನು ಕೆಲವರು ಇಲ್ಲಿ ಎತ್ತುತ್ತಾರೆ. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸುವ ಅಭ್ಯಾಸವುಳ್ಳ ಹುಡುಗನಿಗೆ ಬಿಲ್ಲುಗಾರಿಕೆಯಲ್ಲಿ, ಗುರಿ ಹೊಡೆಯುವುದರಲ್ಲಿ ಸಹಾಯವಾಗದೆ ಎಂದು ಕೇಳುತ್ತಾರೆ. ಆದರೆ ಆಗಲಿ. ಆದರೆ ಅದಕ್ಕೋಸ್ಕರ ಲಿಂಗಪೂಜೆ ಮಾಡೆಂದು ನಾವು ಯಾರಿಗೂ ಹೇಳಲಾರೆವು. ಪದಕಕ್ಕಾಗಿ ಮಾಡಿದ ಪೂಜೆ ಪದಕ ಬಾರದ ದಿನ ನಿಂತುಹೋಗುತ್ತದೆ.

ಆ ಓಟದ ಹುಡುಗನ ವಿಷಯ ಹೇಳಬೇಕು. ವೈದ್ಯರು ಹೇಳಿದಷ್ಟು ಕಾಲ ಅವನು ಕಾಲಿಗೆ ವಿಶ್ರಾಂತಿ ಕೊಟ್ಟನು. ನಾವು ಅವನನ್ನು ಕರೆದು, ನಮ್ಮ ಮಾತು ತಪ್ಪಾಗಿತ್ತೆಂದು ಅವನ ಎದುರಿಗೇ ಹೇಳಿದೆವು. ಗುರುಗಳು ತಪ್ಪಾಯಿತೆಂದು ಹೇಳುವುದನ್ನು ಕೇಳಿ ಅವನು ಗಾಬರಿಯಾದನು, ನಮಗಾದರೋ ಹಗುರವಾಯಿತು. ಅನಂತರ ಅವನ ತರಬೇತುದಾರರನ್ನು ಶ್ರೀಮಠಕ್ಕೆ ಬರಮಾಡಿಕೊಂಡು ಮೂವರೂ ಕುಳಿತು ಮಾತನಾಡಿದೆವು. ಆಸನಗಳನ್ನು ಮೈದಾನದ ಸಾಧನೆ ಮುಗಿದ ಮೇಲೆ ಸಂಜೆಗೆ ಇಟ್ಟೆವು. ಪಶ್ಚಿಮೋತ್ತಾನಾಸನದಲ್ಲಿ ಮೊಣಕಾಲನ್ನು ತುಸು ಮಡಿಸಬೇಕು, ನೋವು ಕಂಡಲ್ಲಿ ನಿಲ್ಲಬೇಕು. ಮಲಗುವ ಮುನ್ನ ಹದಿನೈದು ನಿಮಿಷ ಉಸಿರಾಟ, ಶವಾಸನ. ಓಟದ ವಿಷಯಕ್ಕೆ ನಾವು ಬಾಯಿ ಹಾಕಕೂಡದೆಂದು ತರಬೇತುದಾರರು ನಕ್ಕು ಹೇಳಿದರು, ಒಪ್ಪಿದೆವು. ಮರುವರ್ಷ ಅವನು ಓಡಿದನು. ಗೆಲ್ಲಲಿಲ್ಲ, ನಾಲ್ಕನೆಯವನಾಗಿ ಬಂದನು, ಆದರೆ ಕಾಲು ಹಿಡಿಯಲಿಲ್ಲ. ಈಗ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕನಾಗಿದ್ದಾನೆ. ಕಳೆದ ಶಿವರಾತ್ರಿಗೆ ಬಂದಿದ್ದಾಗ, ತನ್ನ ಮಕ್ಕಳಿಗೆ ಓಟ ಮುಗಿದೊಡನೆ ನೆಲದ ಮೇಲೆ ಮಲಗಿಸಿ ಉಸಿರು ಎಣಿಸಲು ಹೇಳುತ್ತೇನೆ, ಅರ್ಧದಷ್ಟು ಮಕ್ಕಳು ಗೊರಕೆ ಹೊಡೆಯುತ್ತವೆ ಬುದ್ಧಿ ಎಂದು ನಗುತ್ತ ಹೇಳಿದನು.